ಸಂಜೆ ಚೆಲ್ಲದೆ ಇಟ್ಟದ್ದು

ನಮ್ಮ ಲ್ಯಾಬಿನಲ್ಲಿ ಅವರನ್ನು ಎಲ್ಲರೂ ಆಂಟಿ ಎನ್ನುತ್ತಿದ್ದರು. ಅವರನ್ನು ಬಿಟ್ಟರೆ ಅಲ್ಲಿ ಕನ್ನಡ ಬರುತ್ತಿದ್ದವಳು ನಾನೊಬ್ಬಳೇ ಆದ್ದರಿಂದ ನನಗೆ ಅವರು ಅಕ್ಕ. ಧಾರವಾಡದ ಕಡೆಯವರು, ನನಗಿಂತ ಹತ್ತು ಹನ್ನೊಂದು ವರ್ಷಕ್ಕೆ ದೊಡ್ಡವರು. ಅವರು ಹಿಲ್ಸ್‌ಬರೋದಿಂದ, ನಾನು ಕೆಂಡಲ್ ಪಾರ್ಕಿನಿಂದ ದಿನಾ ಡ್ರೈವ್ ಮಾಡಿಕೊಂಡು ಸಮರ್‌ಸೆಟ್‌ನ ಒಂದು ಆಫೀಸ್ ಪಾರ್ಕಿಗೆ ಬರುತ್ತಿದ್ದೆವು. ಕಾಗದದ ಮೇಲೆ ನಾನು ಅವರ ಮೇಲಧಿಕಾರಿ. ಅವರು ಟೆಕ್ನಿಷಿಯನ್, ಅದೂ ಕಾಂಟ್ರ್ಯಾಕ್ಟ್ ಮೇಲೆ, ವರ್ಷಕ್ಕೊಮ್ಮೆ ನವೀಕರಣವಾಗಬೇಕು. ಆ ಕೆಲಸ ಹೋದದ್ದು ನನ್ನಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಮಾತಾಡುವುದರಲ್ಲಿ ನಾನೆಷ್ಟು ನಿಸ್ಸೀಮಳು ಎಂಬುದು ನನಗೆ ಚೆನ್ನಾಗಿ ಗೊತ್ತು.

ನಾವು ಮಾಡುತ್ತಿದ್ದ ಕೆಲಸವನ್ನು ಸರಳವಾಗಿ ಹೇಳುತ್ತೇನೆ. ಜೀವಕೋಶದೊಳಕ್ಕೆ ವೈರಸ್ ನುಗ್ಗಿದಾಗ ಆ ಕೋಶ ಅಕ್ಕಪಕ್ಕದ ಕೋಶಗಳಿಗೆ ಸುದ್ದಿ ಮುಟ್ಟಿಸುತ್ತದೆ. ಸುದ್ದಿ ಒಯ್ಯುವುದು ಇಂಟರ್‌ಫೆರಾನ್ ಎಂಬ ಪ್ರೋಟೀನು. ಕೋಳಿ, ಟರ್ಕಿ, ಲಾವಕ್ಕಿ ಇವು ಹತ್ತಿರದ ದಾಯಾದಿಗಳು, ಇವುಗಳ ಇಂಟರ್‌ಫೆರಾನ್ ಹೆಚ್ಚುಕಡಿಮೆ ಒಂದೇ ಅಚ್ಚಿನದು. ಬಾತುಕೋಳಿ ಸ್ವಲ್ಪ ದೂರದ ಸಂಬಂಧ. ಹಕ್ಕಿಜ್ವರ ಬಂದರೆ ಒಂದು ಶೆಡ್ಡಿನ ಕೋಳಿಗಳೆಲ್ಲ ಎರಡು ಮೂರು ದಿನಗಳಲ್ಲಿ ನೆಲ ಕಚ್ಚುತ್ತವೆ. ಅದೇ ವೈರಸ್ಸನ್ನು ಒಡಲಲ್ಲಿಟ್ಟುಕೊಂಡು ಎಷ್ಟೋ ಬಾತುಗಳು ಏನೂ ಆಗದ ಹಾಗೆ ಕೆರೆಯಲ್ಲಿ ಈಜುತ್ತಿರುತ್ತವೆ. ಯಾಕೆ ಹಾಗೆ? ಈ ನಾಲ್ಕು ಹಕ್ಕಿಗಳ ಸುದ್ದಿಯ ಪ್ರೋಟೀನುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುವುದಕ್ಕೆ ನಮಗೆ ಸಂಬಳ ಸಿಗುತ್ತಿತ್ತು.

ಅದಕ್ಕೆ ಬೇಕಾದದ್ದು ಮೊಟ್ಟೆ, ಕಾವು ಕೊಟ್ಟ ಮೊಟ್ಟೆ. ಒಳಗಿನ ಭ್ರೂಣ ತೆಗೆದು, ಅದರ ಕೋಶಗಳನ್ನು ಬಿಡಿಸಿ ಬೆಳೆಸಬೇಕು. ಜನ್ಮದಲ್ಲಿ ಮೊಟ್ಟೆ ಬಾಯಿಗಿಡದ, ಮನೆಯ ಫ್ರಿಜ್ಜಿಗೂ ಮೊಟ್ಟೆ ಬಿಟ್ಟುಕೊಳ್ಳದ ಅಕ್ಕ ಎಂಟು ವರ್ಷ ಇದನ್ನೇ ಮಾಡಿದರು. ಪ್ರತಿ ಸಲ ಮೊದಲ ಮೊಟ್ಟೆಯ ತುದಿ ಕತ್ತರಿಸುವ ಮುಂಚೆ ಒಂದು ಕ್ಷಣ ಕಣ್ಣು ಮುಚ್ಚುತ್ತಿದ್ದರು. ಆಮೇಲೆ ಅವರ ಕೈ ಅಳುಕುತ್ತಿರಲಿಲ್ಲ.

ಅವರು ಮಡಿ ಮುಸುರೆಯ ಮನೆಯಿಂದ ಬಂದವರು. ಅನ್ನ ಮುಟ್ಟಿದ ಕೈಗೆ ನೀರು ಸೋಕಿಸದೆ ಉಪ್ಪಿನಕಾಯಿ ಭರಣಿ ಮುಟ್ಟಬಾರದು, ಮಜ್ಜಿಗೆ ಪಾತ್ರೆ ಮುಟ್ಟಬಾರದು ಎಂದು ಬೆಳೆದ ಕೈ. ಲ್ಯಾಬಿನಲ್ಲೂ ಅದೇ. ಕೋಳಿಯದು ಮುಗಿದರೆ ಗ್ಲೌಸ್ ಕಿತ್ತೆಸೆದು, ಕೈ ತೊಳೆದು, ಹೊಸ ಗ್ಲೌಸ್ ಹಾಕಿ ಟರ್ಕಿಗೆ ಹೋಗುವುದು. ಟರ್ಕಿಯಾದ ಮೇಲೆ ಲಾವಕ್ಕಿಗೆ ಮತ್ತೆ ತೊಳೆಯುವುದು. ಗ್ಲೌಸಿನ ಡಬ್ಬಿಗಳು ಅವರಿಂದಲೇ ಖಾಲಿಯಾಗುತ್ತಿದ್ದವು. ನಾನು ಚುಡಾಯಿಸುತ್ತಿದ್ದೆ.

“ಏನಕ್ಕ, ಇಲ್ಲೂ ಮುಸುರೆನಾ?”

“ಹೌದ ಮತ್ತ. ಅನ್ನ ಮುಟ್ಟಿದ ಕೈ ಮಜ್ಜಗಿಗೆ ಹಚ್ಚಂಗಿಲ್ಲ. ಕೋಳೀದು ಮುಟ್ಟಿದ ಕೈ ಬಾತಿಗೆ ಹಚ್ಚಂಗಿಲ್ಲ. ಇದರಾಗ ಹೊಸಾದೇನದ ತಂಗಿ? ನಮ್ಮ ಅವ್ವಗ ಒಂದು ಕೋಟು ಕೊಟ್ಟಿದ್ರ ಆಕಿನೂ ಸೈಂಟಿಸ್ಟ್ ಆಗತಿದ್ಲು.”

ಹೀಗೆ ಹೇಳಿ ಅವರೇ ನಗುತ್ತಿದ್ದರು. ನನ್ನನ್ನು ತಂಗಿ ಎಂದು ಕರೆಯುವವರು ಈ ದೇಶದಲ್ಲಿ ಇನ್ನೊಬ್ಬರಿರಲಿಲ್ಲ. ಮಧ್ಯಾಹ್ನ ತಮ್ಮ ಡಬ್ಬಿಯ ಚಪಾತಿಯಲ್ಲಿ ಅರ್ಧ ನನ್ನ ತಟ್ಟೆಗೆ ಹಾಕುವಾಗ ನನ್ನ ಒಪ್ಪಿಗೆ ಕೇಳುತ್ತಿರಲಿಲ್ಲ. ಅವರ ಮನೆಯವರು ಪಾರ್ಶ್ವವಾಯು ಬಡಿದು ಕೆಲಸ ಬಿಟ್ಟಿದ್ದರು. ಇಬ್ಬರ ಹೆಲ್ತ್ ಇನ್ಶೂರೆನ್ಸೂ ಅಕ್ಕನ ಕೆಲಸದ ಮೇಲೆ ನಿಂತಿತ್ತು. ಇದು ನನಗೆ ಗೊತ್ತಿತ್ತು.

ಈಗ ಆ ವಾರದ ವಿಷಯ. ಕೋಶಗಳಿಗೆ ಬೆಳಿಗ್ಗೆ ವೈರಸ್ಸಿನ ವೇಷ ಹಾಕಿದ ಒಂದು ರಾಸಾಯನಿಕ ಹಾಕುತ್ತಿದ್ದೆವು. ಕೋಶಗಳು ವೈರಸ್ಸೇ ಬಂತೆಂದು ಗಾಬರಿಯಾಗಿ ಇಂಟರ್‌ಫೆರಾನ್ ಹೊರಬಿಡುತ್ತವೆ. ಸಂಜೆ ಆ ದ್ರವವನ್ನು ಚೆಲ್ಲಿ ಹೊಸದನ್ನು ಹಾಕಿ, ಮರುದಿನ ಬೆಳಿಗ್ಗೆ ಬಂದು ಹೊಸ ದ್ರವದಲ್ಲಿ ಏನಿದೆ ಎಂದು ಅಳೆಯುವುದು ನಮ್ಮ ಕ್ರಮ. ಕೋಳಿಯ ಕೋಶಗಳು ನಿಧಾನ, ಅವಕ್ಕೆ ಒಂದು ರಾತ್ರಿ ಬೇಕು ಎಂದು ಕೋಳಿಗಾಗಿ ಮಾಡಿದ ಕ್ರಮ. ಮಾಡಿದವಳು ನಾನೇ. ಅದನ್ನೇ ನಾಲ್ಕೂ ಹಕ್ಕಿಗಳಿಗೆ ಹಾಕಿದ್ದೆ.

ಅಳೆಯುವ ತಟ್ಟೆ ಪಡ್ಡಿನ ಹಂಚಿನ ಹಾಗಿರುತ್ತದೆ, ತೊಂಬತ್ತಾರು ಪುಟ್ಟ ಗುಳಿಗಳು. ಗುಳಿಯ ತಳಕ್ಕೆ ಆ ಪ್ರೋಟೀನನ್ನು ಹಿಡಿಯುವ ಆಂಟಿಬಾಡಿ ಬಳಿದಿರುತ್ತೇವೆ. ಪ್ರೋಟೀನಿದ್ದರೆ ಗುಳಿ ಹಳದಿಯಾಗುತ್ತದೆ, ಇಲ್ಲದಿದ್ದರೆ ಇಲ್ಲ. ನಮ್ಮ ಆಂಟಿಬಾಡಿ ಕೋಳಿಯ ಪ್ರೋಟೀನಿಗೆಂದು ತಯಾರಾದದ್ದು. ಅದರ ಜೊತೆ ಬಂದ ಚೀಟಿಯಲ್ಲಿ ಕೋಳಿ, ಟರ್ಕಿ, ಲಾವಕ್ಕಿ ಎಂದಿತ್ತು. ಬಾತು ಎಂದಿರಲಿಲ್ಲ. ಅದಕ್ಕೆ ಬಾತನ್ನು ಹಿಡಿಯುವುದಿಲ್ಲ ಎಂದು ನಾನು ತೀರ್ಮಾನಿಸಿದ್ದೆ. ಹಿಡಿಯದ ಆಂಟಿಬಾಡಿಯಲ್ಲಿ ಬಾತನ್ನು ಅಳೆಯುವುದು ತಟ್ಟೆ ಶುಚಿಯಾಗಿದೆಯೇ ಎಂದು ನೋಡುವುದಕ್ಕೆ, ಅಲ್ಲಿ ಸೊನ್ನೆ ಬರಬೇಕು ಎಂಬುದು ನನ್ನ ಲೆಕ್ಕಾಚಾರ. ಬಾತಿಗೆಂದೇ ಆದ ಆಂಟಿಬಾಡಿ ಆಗಿನ್ನೂ ನಮ್ಮಲ್ಲಿರಲಿಲ್ಲ. ಡೈರೆಕ್ಟರಿಗೆ ಕಳಿಸಿದ್ದ ಸ್ಲೈಡಿನಲ್ಲಿ ಮೂರು ಎತ್ತರದ ಕಂಬಗಳೂ ಒಂದು ಸೊನ್ನೆಯೂ ಆಗಲೇ ಕೂತಿದ್ದವು. ನೋಡಲು ಚೆಂದವಾಗಿತ್ತು.

ಆ ಶುಕ್ರವಾರ ಅಕ್ಕನ ತಟ್ಟೆಯಲ್ಲಿ ಬಾತಿನ ಎರಡು ಸಾಲುಗಳಿದ್ದವು. ಒಂದು ಸಾಲು ಬಣ್ಣವಿಲ್ಲದ್ದು. ಇನ್ನೊಂದು ಹಳದಿ, ತೆಳುವಾಗಿ, ಆದರೆ ಹಳದಿಯೇ.

ಅವರು ಏನನ್ನೋ ಹೇಳಲು ನನ್ನ ಕ್ಯಾಬಿನ್ನಿನ ಬಾಗಿಲಿಗೆ ಬಂದು ನಿಂತರು. ನಾನು ಕಾಲ್‌ನಲ್ಲಿದ್ದೆ. ಸೋಮವಾರ ನೋಡೋಣ ಎಂದು ಕೈಸನ್ನೆ ಮಾಡಿದೆ. ಅವರು ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟು ಹೋದರು. ಪ್ರತಿ ಪುಟದ ಕೆಳಗೆ ‘ಓದಿ ಅರ್ಥಮಾಡಿಕೊಂಡಿದ್ದೇನೆ’ ಎಂಬ ಸಾಲಿನ ಮುಂದೆ ನಾನು ಸಹಿ ಹಾಕಬೇಕು. ಆ ವಾರದ ಆರೇಳು ಪುಟಗಳಿಗೂ ಕಾಲ್ ಮುಗಿಯುವುದರೊಳಗೆ ಹಾಕಿದೆ. ಓದಲಿಲ್ಲ. ಓದುವ ಅಭ್ಯಾಸ ತಪ್ಪಿ ವರ್ಷಗಳೇ ಆಗಿದ್ದವು.

ತಟ್ಟೆಯ ಫೋಟೋ ನೋಡಿ ಮಾತ್ರ ಸಿಟ್ಟು ನೆತ್ತಿಗೇರಿತು. ಒಂದೇ ಹಕ್ಕಿ, ಒಂದು ಸಾಲಲ್ಲಿ ಬಣ್ಣ, ಇನ್ನೊಂದರಲ್ಲಿ ಇಲ್ಲ ಎಂದರೆ ಕೋಳಿಯ ದ್ರವ ಬಾತಿನ ಗುಳಿಗೆ ಬಿದ್ದಿದೆ ಎಂದೇ ಅರ್ಥ ಎಂದುಕೊಂಡೆ. ಇನ್ನೊಬ್ಬ ಟೆಕ್ನಿಷಿಯನ್‌ನಿಂದ ಅದೇ ಪ್ರಯೋಗ ನಮ್ಮ ಕ್ರಮದಂತೆ ಮಾಡಿಸಿದೆ. ಬಾತಿನ ಗುಳಿಗಳಲ್ಲಿ ಬಣ್ಣ ಬರಲಿಲ್ಲ. ನನಗೆ ಬೇಕಾಗಿದ್ದ ಸೊನ್ನೆ ಸಿಕ್ಕಿತು.

ಮುಂದಿನ ವಾರದ ಮೀಟಿಂಗಿನಲ್ಲಿ ನಮ್ಮಿಬ್ಬರನ್ನು ಬಿಟ್ಟು, ಡೈರೆಕ್ಟರೂ ಸೇರಿ ಒಂಬತ್ತು ಜನ ಇದ್ದರು. ಗೋಡೆಯ ಮೇಲೆ ಅಕ್ಕನ ತಟ್ಟೆಯ ಫೋಟೋ. ಇದೇನೆಂದು ಡೈರೆಕ್ಟರ್ ಕೇಳಿದರು. ಅಕ್ಕನ ಇಂಗ್ಲಿಷು ಬೆಂಚಿನ ಹತ್ತಿರ ಸರಾಗವಾಗಿರುತ್ತಿತ್ತು, ಮೀಟಿಂಗ್ ರೂಮಿನಲ್ಲಿ ತಡವರಿಸುತ್ತಿತ್ತು. “ಈವ್ನಿಂಗ್ ಒನ್... ಐ ಕೆಪ್ಟ್ ಈವ್ನಿಂಗ್ ಒನ್,” ಎಂದರು. ಯಾರಿಗೂ ಅರ್ಥವಾಗಲಿಲ್ಲ. ಅವರು ನನ್ನ ಕಡೆ ತಿರುಗಿ ತಗ್ಗಿದ ದನಿಯಲ್ಲಿ, “ನೀನರೆ ಹೇಳು ತಂಗಿ. ಬರದಿಟ್ಟೇನಲ್ಲ, ನೋಡೀಯಲ್ಲ,” ಎಂದರು.

ಏನು ಬರೆದಿಟ್ಟಿದ್ದೀರಿ ಎಂದು ನಾನು ಕೇಳಬಹುದಿತ್ತು. ಒಂದು ನಿಮಿಷದ ಮಾತು. ಆದರೆ ಕೇಳಿದರೆ ನಾನು ಸಹಿ ಹಾಕಿದ್ದನ್ನು ಓದಿಲ್ಲ ಎಂದು ಒಂಬತ್ತು ಜನರ ಮುಂದೆ ಒಪ್ಪಿಕೊಂಡ ಹಾಗಾಗುತ್ತಿತ್ತು. ಅವರು ಕನ್ನಡದಲ್ಲಿ ನನ್ನನ್ನು ಬೇಡಿಕೊಳ್ಳುವಂತೆ ಮಾತಾಡಿದ್ದೂ ನನಗೆ ಮುಜುಗರವಾಯಿತು. ಇಬ್ಬರೂ ಒಂದೇ ಭಾಷೆಯವರು, ಒಳಗೊಳಗೇ ಮುಚ್ಚಿಹಾಕುತ್ತಾರೆ ಎಂದು ಯಾರಾದರೂ ಅಂದುಕೊಂಡರೆ? ಹೀಗಾಗಿ ನಾನು ಡೈರೆಕ್ಟರನ್ನು ನೋಡಿಕೊಂಡು ಇಂಗ್ಲಿಷಿನಲ್ಲಿ ಹೇಳಿದೆ: ಇದು ಕಂಟಾಮಿನೇಷನ್, ಕೈಯ ತಪ್ಪು, ಮತ್ತೆ ಮಾಡಿಸಿದಾಗ ಬಂದಿಲ್ಲ, ಇವರ ಹಿಂದಿನ ತಿಂಗಳುಗಳ ಬಾತಿನ ಅಂಕಿಗಳನ್ನೂ ಕೈಬಿಡುವುದು ಒಳ್ಳೆಯದು.

ಅಕ್ಕ ನನ್ನನ್ನು ನೋಡಿದರು. ಆಮೇಲೆ ತಮ್ಮ ಎರಡೂ ಕೈಗಳನ್ನು ಮೇಜಿನ ಮೇಲಿಂದ ತೆಗೆದು ಮಡಿಲಲ್ಲಿಟ್ಟುಕೊಂಡರು. ಮೀಟಿಂಗ್ ಮುಂದುವರಿಯಿತು.

ಆ ವರ್ಷ ಅವರ ಕಾಂಟ್ರ್ಯಾಕ್ಟ್ ನವೀಕರಣವಾಗಲಿಲ್ಲ. ಕಾರಣವೆಂದು ಫೈಲಿಗೆ ಹೋದದ್ದು ನನ್ನ ಎರಡು ಸಾಲು. ಬ್ಯಾಡ್ಜ್ ಒಪ್ಪಿಸುವ ದಿನ ಅವರು ನನ್ನ ಬಾಗಿಲಿಗೆ ಬಂದು, “ಬರ್ತೇನ್ರಿ ಮೇಡಂ,” ಎಂದರು. ತಂಗಿ ಹೋಗಿ ಮೇಡಂ ಬಂದಿತ್ತು. ನಾನು ಆ ಹೊತ್ತಿಗೆ ಅದನ್ನೂ ಅವರ ತಪ್ಪೆಂದೇ ತಿಳಿದೆ. ಇಷ್ಟಕ್ಕೆ ಇಷ್ಟು ಮುನಿಸೇ ಎಂದುಕೊಂಡು ಇನ್‌ಬಾಕ್ಸ್ ತೆರೆದೆ. ಮುಂದೆ ಅವರು ರೂಟ್ ಟ್ವೆಂಟಿ ಸೆವೆನ್ನಿನ ಒಂದು ಇಂಡಿಯನ್ ಅಂಗಡಿಯ ಹಿಂಭಾಗದಲ್ಲಿ ಚಪಾತಿ ಲಟ್ಟಿಸುತ್ತಿದ್ದಾರೆಂದು ಯಾರೋ ಹೇಳಿದರು. ನಾನು ದಿನಸಿಗೆ ಬೇರೆ ಅಂಗಡಿಗೆ ಹೋಗತೊಡಗಿದೆ.

ಅದಾದ ಎರಡನೆಯ ಚಳಿಗಾಲ ಹಕ್ಕಿಜ್ವರ ನಮ್ಮ ಕಡೆಗೇ ಬಂತು. ಆಫೀಸ್ ಪಾರ್ಕಿನ ಹಿಂದಿನ ಕೊಳದಲ್ಲಿ ಅರ್ಧ ಹೆಪ್ಪುಗಟ್ಟಿದ ನೀರಿನ ಮೇಲೆ ಬಿಳಿ ಹೆಬ್ಬಾತುಗಳು ಸತ್ತು ಬಿದ್ದಿದ್ದವು. ಕೆಲವು ಇನ್ನೂ ಸತ್ತಿರಲಿಲ್ಲ. ಕತ್ತು ತಿರುಚಿಕೊಂಡು ಒಂದೇ ಕಡೆಗೆ ಸುತ್ತುತ್ತಿದ್ದವು. ದಿನಾ ಈ ಹಕ್ಕಿಗಳಿಂದ ಕಾರಿನ ಮೇಲೆ ಹಿಕ್ಕೆ ಎಂದು ಬಯ್ಯುತ್ತಿದ್ದವರು ಕಿಟಕಿಯ ಬಳಿ ನಿಂತು ನೋಡಿದೆವು. ಬಿಳಿ ಸೂಟು ಹಾಕಿಕೊಂಡವರು ಬಂದು ಎಲ್ಲವನ್ನೂ ಕಪ್ಪು ಚೀಲಗಳಲ್ಲಿ ತುಂಬಿಕೊಂಡು ಹೋದರು. ನಿಂತಿದ್ದ ಬಾತಿನ ಕೆಲಸವನ್ನು ಮತ್ತೆ ಶುರುಮಾಡಿ, ಹೆಬ್ಬಾತನ್ನೂ ಸೇರಿಸಿ ಎಂದು ಡೈರೆಕ್ಟರ್ ಹೇಳಿದ್ದು ಆ ವಾರವೇ.

ಬಾತಿನ ಕೋಶಗಳನ್ನು ಎಷ್ಟು ದಟ್ಟವಾಗಿ ಬೆಳೆಸುತ್ತಿದ್ದೆವು ಎಂದು ನೋಡಲು ನಾನು ಅಕ್ಕನ ಹಳೆಯ ನೋಟ್‌ಬುಕ್ ತೆಗೆದೆ. ಪುಟವೆಲ್ಲ ಇಂಗ್ಲಿಷು, ಗುಂಡಗಿನ ಅಕ್ಷರ. ಒಂದು ಪುಟದ ಅಂಚಿನಲ್ಲಿ ಮಾತ್ರ ಪೆನ್ಸಿಲ್ಲಿನಲ್ಲಿ ಕನ್ನಡ.

‘ಬಾತಿಂದು ಸಂಜೀ ನೀರು ಚೆಲ್ಲಲಿಕ್ಕೆ ಮನಸಾಗಲಿಲ್ಲ. ಬ್ಯಾರೆ ಇಟ್ಟೇನಿ. ಅದರಾಗ ಹಳದಿ ಬಂತು, ಮುಂಜಾನೀದರಾಗ ಇಲ್ಲ. ಮೂರು ಸಲ ನೋಡಿದೆ. ಬಾತು ಲಗೂನ ಮಾಡಿ ಮುಗಸ್ತದ ಅನಸ್ತದ. ತಂಗಿಗೆ ಹೇಳಬೇಕು.’

ಅದರ ಕೆಳಗೆ, ಓದಿ ಅರ್ಥಮಾಡಿಕೊಂಡಿದ್ದೇನೆ ಎಂಬಲ್ಲಿ, ನನ್ನ ಸಹಿ.

ಆ ಕಟ್ಟಡದಲ್ಲಿ ಈ ನಾಲ್ಕು ಸಾಲು ಓದಬಲ್ಲವಳು ನಾನೊಬ್ಬಳೇ. ನನಗಾಗಿಯೇ ಬರೆದದ್ದು. ಎರಡು ಸಾಲುಗಳು ಒಂದೇ ಸ್ಯಾಂಪಲ್ಲಿನವಾಗಿರಲಿಲ್ಲ. ಒಂದು ಸಂಜೆಯದು, ಒಂದು ಬೆಳಗಿನದು. ಬಾತಿನ ಕೋಶಗಳು ಕೋಳಿಯ ಹಾಗೆ ರಾತ್ರಿಯವರೆಗೆ ಕಾಯದೆ, ಮೊದಲ ಕೆಲವು ಗಂಟೆಗಳಲ್ಲೇ ಸುದ್ದಿ ಕಳಿಸಿ ಮುಗಿಸುತ್ತಿದ್ದವು. ನಾವು ಅದನ್ನು ದಿನಾ ಸಂಜೆ ಸಿಂಕಿಗೆ ಚೆಲ್ಲಿ, ಮರುದಿನ ಖಾಲಿ ನೀರನ್ನು ಅಳೆದು ಸೊನ್ನೆ ಎನ್ನುತ್ತಿದ್ದೆವು.

ನನಗೆ ಕೂರಲಾಗಲಿಲ್ಲ. ಫ್ರೀಜರಿನ ತಳದಲ್ಲಿ ಹುಡುಕಿದೆ. ಅವರ ಕೈಬರಹದ ಚೀಟಿ ಹಚ್ಚಿದ ಟ್ಯೂಬುಗಳು ಹಿಮ ಕಟ್ಟಿಕೊಂಡು ಅಲ್ಲೇ ಇದ್ದವು. ನಾನೇ ಗ್ಲೌಸ್ ಹಾಕಿಕೊಂಡು, ಬಾತಿಗೆಂದೇ ತಯಾರಾದ ಹೊಸ ಆಂಟಿಬಾಡಿಯಲ್ಲಿ ಅಳೆದೆ. ಸಂಜೆಯ ಗುಳಿಗಳು ದಟ್ಟ ಹಳದಿಯಾದವು. ಹಳೆಯ ಆಂಟಿಬಾಡಿಯಲ್ಲೂ ತೆಳುವಾಗಿ ಹಳದಿ ಬಂತು. ಅದನ್ನು ಮಾರಿದವರಿಗೆ ಫೋನ್ ಮಾಡಿದರೆ, ಬಾತಿನ ಮೇಲೆ ಪರೀಕ್ಷಿಸಿಲ್ಲ, ಅದಕ್ಕೇ ಬರೆದಿಲ್ಲ ಎಂದರು. ಹಿಡಿಯುವುದಿಲ್ಲ ಎಂದು ಅವರು ಎಲ್ಲೂ ಹೇಳಿರಲಿಲ್ಲ. ಹೇಳಿದವಳು ನಾನು. ಆ ಮಧ್ಯಾಹ್ನ ಪಾರ್ಕಿಂಗ್ ಲಾಟಿನಲ್ಲಿ ಕಾರಿನೊಳಗೆ ಕೂತು ಅತ್ತೆ. ಅಳು ಬಂದದ್ದು ಅಕ್ಕನಿಗಾಗಿಯೋ ನನ್ನ ಮರ್ಯಾದೆಗಾಗಿಯೋ ಎಂದು ಯಾರಾದರೂ ಕೇಳಿದ್ದರೆ ಪ್ರಾಮಾಣಿಕವಾಗಿ ಉತ್ತರ ಕೊಡಲು ಆಗುತ್ತಿರಲಿಲ್ಲ.

ಆ ಶನಿವಾರ ಹಿಲ್ಸ್‌ಬರೋಗೆ ಹೋದೆ. ಅಕ್ಕ ಬಾಗಿಲು ತೆಗೆದು, ಆಶ್ಚರ್ಯ ತೋರಿಸದೆ, “ಬರ್ರಿ,” ಎಂದರು. ಮುಂದಿನ ಕೋಣೆಯಲ್ಲಿ ಅವರ ಮನೆಯವರು ಟೀವಿಯ ಮುಂದೆ ಕೂತಿದ್ದರು, ಬಲಗೈ ದಿಂಬಿನ ಮೇಲೆ. ನನ್ನನ್ನು ಅಡುಗೆಮನೆಯ ಮೇಜಿಗೆ ಕರೆದುಕೊಂಡು ಹೋಗಿ ಚಹಾ ಕೊಟ್ಟರು. ಚಹಾದ ಜೊತೆ ತಿನ್ನಲು ಏನೂ ಇಡಲಿಲ್ಲ. ಅವರನ್ನು ಬಲ್ಲವರಿಗೆ ಅದರ ಅರ್ಥ ಗೊತ್ತು.

ನಾನು ಎಲ್ಲವನ್ನೂ ಹೇಳಿದೆ. ಪೆನ್ಸಿಲ್ಲಿನ ಸಾಲುಗಳು, ಸಹಿ, ಹೊಸ ತಟ್ಟೆ. “ತಪ್ಪು ನಂದೇ ಅಕ್ಕ. ನೀವು ಮಾಡಿದ್ದು ಸರಿ ಇತ್ತು. ದಯವಿಟ್ಟು ಕ್ಷಮಿಸಿ,” ಎಂದೆ. ಹೊಸ ಪೇಪರಿನಲ್ಲಿ ಅವರ ಹೆಸರು ಹಾಕಿಸುತ್ತೇನೆ ಎಂದೂ ಹೇಳಿದೆ.

ಅವರು ತಮ್ಮ ಲೋಟವನ್ನು ಪಕ್ಕಕ್ಕೆ ಸರಿಸಿದರು.

“ನನಗ ಗೊತ್ತಿತ್ರಿ ಅದು ಸರಿ ಅದ ಅಂತ. ನೀವು ಬಂದು ಹೇಳೂ ತನಾ ನಾ ಏನು ಕಾಯ್ಕೋತ ಕೂತಿದ್ದಿಲ್ಲ. ಕೆಲಸ ಹೋತು, ಇನ್ಶೂರೆನ್ಸ್ ಹೋತು. ಇವರ ಥೆರಪಿ ಅಲ್ಲಿಗೇ ನಿಂತ್ತು. ಆ ಕೈ ಅಷ್ಟಕ್ಕ ನಿಂತದ. ಅದನ್ನ ಯಾರೂ ಈಗ ಸರಿ ಮಾಡಲಿಕ್ಕಾಗಂಗಿಲ್ಲ. ಆದರ ಮೇಡಂ, ನನ್ನ ಕೈ ಹೊಲಸು ಅಂದ್ರಿ ನೀವು. ಎಂಟು ವರ್ಷ ಬಾಜೂಕ ಕೂತು ನೋಡಿದವರು ನೀವು.”

ನಾನು ಮತ್ತೆ ಕ್ಷಮಿಸಿ ಎಂದೆ.

“ಇಲ್ಲೆ ಕೂತು ಕನ್ನಡದಾಗ ಹೇಳೂದು ಭಾಳ ಸೋವಿ ಅದರಿ. ಅಲ್ಲೆ ಒಂಬತ್ತು ಮಂದಿ ಮುಂದ ಇಂಗ್ಲಿಷಿನಾಗ ಅಂದಿದ್ರಿ. ಅವರಿಗೇ ಹೇಳ್ರಿ. ಇಂಗ್ಲಿಷಿನಾಗ ಹೇಳ್ರಿ. ನನ್ನ ಈಮೇಲೂ ಹಾಕ್ರಿ, ನಾನೂ ಓದತೇನಿ.”

ಹಾಗೇ ಮಾಡುತ್ತೇನೆ ಎಂದು ಎದ್ದೆ. ಅವರು ಬಾಗಿಲವರೆಗೆ ಬಂದರು. ಮತ್ತೆ ಬರ್ರಿ ಎನ್ನಲಿಲ್ಲ.

ಈಮೇಲ್ ಬರೆಯಲು ನನಗೆ ನಾಲ್ಕು ದಿನ ಹಿಡಿಯಿತು. ರಜೆಗೆ ಮನೆಗೆ ಬಂದಿದ್ದ ಮಗಳು ನನ್ನ ಹಿಂದೆ ನಿಂತು ಕರಡನ್ನು ಓದಿದಳು. ‘ದತ್ತಾಂಶದ ವ್ಯಾಖ್ಯಾನದಲ್ಲಿ ದೋಷ ಉಂಟಾಗಿತ್ತು’ ಎಂಬ ಅರ್ಥದ ನಯವಾದ ಇಂಗ್ಲಿಷು ಅದರಲ್ಲಿತ್ತು. “ಅಮ್ಮಾ, ಹೂ ಡಿಡ್ ಇಟ್?” ಎಂದಳು. “ನಾನು,” ಎಂದೆ. “ದೆನ್ ವೈ ಡಸಂಟ್ ಇಟ್ ಸೇ ಸೋ?” ಎಂದು ಹೇಳಿ ಫ್ರಿಜ್ಜಿನ ಕಡೆ ಹೋದಳು. ಇಪ್ಪತ್ತು ವರ್ಷದವಳಿಗೆ ಇರುವ ಧೈರ್ಯ ನನಗಿರಲಿಲ್ಲವೆಂದು ಮೈ ಉರಿಯಿತು. ಕರಡನ್ನು ಅಳಿಸಿ ಮತ್ತೆ ಬರೆದೆ. ನಾನು ಓದದೆ ಸಹಿ ಹಾಕಿದೆ. ನಾನು ತಪ್ಪಾಗಿ ಆರೋಪಿಸಿದೆ. ಅವರ ಕೆಲಸ ಶುಚಿಯಾಗಿತ್ತು, ಬಾತಿನ ಇಂಟರ್‌ಫೆರಾನ್ ಬೇಗ ಬಂದು ಹೋಗುತ್ತದೆಂದು ನಮ್ಮಲ್ಲಿ ಮೊದಲು ಕಂಡದ್ದು ಅವರಿಗೆ. ಅವರ ಪೂರ್ತಿ ಹೆಸರು ಬರೆದೆ. ಆ ದಿನ ಕೋಣೆಯಲ್ಲಿದ್ದವರಲ್ಲಿ ನಾಲ್ವರು ಬೇರೆ ಕಡೆ ಹೋಗಿದ್ದರು, ಅವರ ವಿಳಾಸಗಳನ್ನೂ ಹುಡುಕಿ ಹಾಕಿದೆ. ಅಕ್ಕನದನ್ನೂ ಹಾಕಿದೆ. ಬುಧವಾರ ಮಧ್ಯಾಹ್ನದ ಊಟಕ್ಕೆ ಮುಂಚೆ ಕಳಿಸಿದೆ.

ಎರಡು ದಿನ ಏನೂ ಬರಲಿಲ್ಲ. ಶುಕ್ರವಾರ ಡೈರೆಕ್ಟರ್ ಎಲ್ಲರಿಗೂ ಸೇರಿಸಿ ಉತ್ತರ ಬರೆದರು. ನನ್ನ ಪ್ರಾಮಾಣಿಕತೆಗೆ ಧನ್ಯವಾದ ಹೇಳಿದ್ದರು. ಬಾತಿನ ಪ್ರಾಜೆಕ್ಟಿಗೆ ಇದು ಬಹಳ ಒಳ್ಳೆಯ ಸುದ್ದಿ, ಸೋಮವಾರ ಚರ್ಚಿಸೋಣ ಎಂದಿದ್ದರು. ಕೊನೆಗೆ ಒಂದು ಸಾಲು: ‘ಈ ಹೆಸರು ನನಗೆ ಸರಿಯಾಗಿ ನೆನಪಾಗುತ್ತಿಲ್ಲ, ಇವರು ಮೊಟ್ಟೆಗಳನ್ನು ನೋಡಿಕೊಳ್ಳುತ್ತಿದ್ದ ಮಹಿಳೆಯೇ?’

ಅದು ಅಕ್ಕನ ಇನ್‌ಬಾಕ್ಸಿಗೂ ಹೋಗಿತ್ತು. ಅವರಿಗೆ ಫೋನ್ ಮಾಡಲೇ, ಡೈರೆಕ್ಟರಿಗೆ ಉತ್ತರ ಬರೆಯಲೇ ಎಂದು ಗೊತ್ತಾಗದೆ ಪರದೆಯ ಮುಂದೆ ಕೂತಿದ್ದೆ. ಚಪಾತಿ ಅಂಗಡಿಯಲ್ಲಿ ಅವರ ಊಟದ ಬಿಡುವಿನ ಹೊತ್ತಿರಬೇಕು, ಒಂದು ಗಂಟೆ ಕಳೆದಿರಬಹುದು. ಅವರ ಉತ್ತರ ಬಂತು, ಎಲ್ಲರಿಗೂ ಸೇರಿಸಿ, ಇಂಗ್ಲಿಷಿನಲ್ಲಿ, ಒಂದೇ ಸಾಲು.

‘ಸರ್, ಬಾತುಕೋಳಿಗಳ ಕೆಲಸ ಮಾಡಿದವಳು ನಾನು.’